ಬಿಲ್ ಕಟ್ಟಿದ್ದೀವಿ, ಆದರೂ ಸರ್ವರ್ ಕೊಡಲಿಲ್ಲ!

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಮೂವರು ಗೆಳೆಯರು ಸೇರಿ ಒಂದು ಸಣ್ಣ ಕಂಪನಿ ನಡೆಸುತ್ತಿದ್ದೇವೆ. ಪಿಯುಸಿ ಮಕ್ಕಳಿಗೆ ಸಿಇಟಿ, ನೀಟ್ ಮಾಕ್ ಟೆಸ್ಟ್ ಬರೆಸುವ ಆ್ಯಪ್ ನಮ್ಮದು. ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ 10ಕ್ಕೆ ದೊಡ್ಡ ಟೆಸ್ಟ್ ಇಟ್ಟಿದ್ದೆವು. 10 ಗಂಟೆ 7 ನಿಮಿಷಕ್ಕೆ ಆ್ಯಪ್ ಕೈಕೊಟ್ಟಿತು. ಮಾಮೂಲಿ ದಿನ 2 ವೆಬ್ ಸರ್ವರ್ ಸಾಕು. ರಶ್ ಆದರೆ ತಾನೇ ಜಾಸ್ತಿಯಾಗಲಿ ಅಂತ ಆಟೋ ಸ್ಕೇಲಿಂಗ್ ಹಾಕಿ, ಗರಿಷ್ಠ 8 ಎಂದು ಕೊಟ್ಟಿದ್ದೆವು. ಅದು 5ಕ್ಕೇ ನಿಂತಿತು. ಆರನೆಯದಕ್ಕೆ 'ನಿಮ್ಮ ವಿಸಿಪಿಯು ಮಿತಿ 32, ಅದಕ್ಕಿಂತ ಹೆಚ್ಚು ಕೊಡಲಾಗದು' ಎಂಬ ಎರರ್. ವಿಸಿಪಿಯು ಅಂದರೆ ಬಾಡಿಗೆ ಸರ್ವರ್‌ನ ಪ್ರೊಸೆಸರ್ ಲೆಕ್ಕ, ಒಂದು ಸರ್ವರ್‌ಗೆ 4. ಎಂಟು ನಾಲ್ಕಲೆ ಮೂವತ್ತೆರಡು, ಲೆಕ್ಕ ಸರಿಯಾಗೇ ಇದೆಯಲ್ಲ? ಬಿಲ್ ಒಂದು ತಿಂಗಳೂ ಬಾಕಿ ಇಟ್ಟಿಲ್ಲ. ಸಿಪಿಯು, ಮೆಮೊರಿ, ಡಿಸ್ಕ್ ಎಲ್ಲಕ್ಕೂ ಅಲಾರ್ಮ್ ಇತ್ತು. ಮಿತಿ ಹೆಚ್ಚಿಸಿ ಎಂದು ಅವತ್ತೇ ಅರ್ಜಿ ಹಾಕಿದೆವು, ಸಿಕ್ಕಿದ್ದು ಮಂಗಳವಾರ. ಅಷ್ಟೊತ್ತಿಗೆ ಪೋಷಕರ ಬೈಗುಳ ತಿಂದು ಹೊಟ್ಟೆ ತುಂಬಿತ್ತು. ನಾವು ಎಡವಿದ್ದು ಎಲ್ಲಿ?
— ಹೆಸರು ಬೇಡ ಎಂದಿದ್ದಾರೆ, ದಾವಣಗೆರೆ

ಉತ್ತರ: ಯಾರ ಕ್ಲೌಡ್, ಅಂದರೆ ಯಾವ ಕಂಪನಿಯ ಬಾಡಿಗೆ ಸರ್ವರ್ ಎಂದು ನೀವು ಬರೆದಿಲ್ಲ. ಬರೆಯದಿದ್ದರೂ ನಡೆಯುತ್ತೆ, ಇಂಥ ಮಿತಿ ಎಲ್ಲರಲ್ಲೂ ಇದೆ. ಕೋಟಾ ಅಂತಾರೆ, ಲಿಮಿಟ್ ಅಂತಾರೆ, ಹೆಸರು ಬೇರೆ ಅಷ್ಟೆ.

ಮೊದಲು ಬಿಲ್ ವಿಷಯ. ನಿಮ್ಮ ಮನೆಯ ಕರೆಂಟ್ ಬಿಲ್ ತೆಗೆದು ನೋಡಿ. ಮೇಲುಗಡೆ 'ಮಂಜೂರಾದ ಲೋಡ್' ಎಂದು ಒಂದು ಅಂಕಿ ಇರುತ್ತೆ. ಮೂರು ಕಿಲೋವ್ಯಾಟ್ ಅಂತಿಟ್ಟುಕೊಳ್ಳಿ. ಪ್ರತಿ ತಿಂಗಳೂ ತಪ್ಪದೆ ಬಿಲ್ ಕಟ್ಟಿದ ಮಾತ್ರಕ್ಕೆ ಅದು ಐದಾಗುವುದಿಲ್ಲ. ಹೊಸ ಎಸಿ, ಗೀಸರ್ ಹಾಕಿಸುವ ಮೊದಲು ಬೇರೆ ಅರ್ಜಿ ಕೊಡಬೇಕು, ಬೇರೆ ದುಡ್ಡು ಕಟ್ಟಬೇಕು, ಕಾಯಬೇಕು. ಕ್ಲೌಡ್ ಕೋಟಾ ಕೂಡ ಹಾಗೇ. ನೀವು ಬಳಸಿದ್ದಕ್ಕೆ ಬಿಲ್. ಎಷ್ಟರವರೆಗೆ ಬಳಸಬಹುದು ಎನ್ನುವುದಕ್ಕೆ ಕೋಟಾ. ಎರಡೂ ಬೇರೆ ಬೇರೆ ಖಾತೆ.

ಈಗ ನಿಮ್ಮ ಮಗ್ಗಿಗೆ ಬರೋಣ. ಎಂಟು ನಾಲ್ಕಲೆ ಮೂವತ್ತೆರಡು ಹೌದು. ಆದರೆ 5ಕ್ಕೆ ನಿಂತಿತು ಎಂದಿರಿ. ಐದು ನಾಲ್ಕಲೆ ಇಪ್ಪತ್ತು. ಉಳಿದ 12 ಯಾರು ತಿಂದರು? ಈ ಲೆಕ್ಕ ನನ್ನ ತಲೆಯಲ್ಲಿ ಎರಡು ದಿನ ಕೊರೆಯಿತು. ಕೊನೆಗೆ ನಿಮಗೇ ಫೋನ್ ಮಾಡಿದೆ, ನೆನಪಿರಬೇಕು. ಅಕೌಂಟ್ ತೆರೆದು, ಓಡುತ್ತಿರುವ ಯಂತ್ರಗಳನ್ನೆಲ್ಲ ಒಂದೊಂದಾಗಿ ಓದಿ ಹೇಳಿ ಎಂದೆ. ಡೇಟಾಬೇಸನ್ನು ನೀವೇ ಒಂದು ಯಂತ್ರದಲ್ಲಿ ನಡೆಸುತ್ತಿದ್ದೀರಿ, ಅದಕ್ಕೆ 4. ಆಮೇಲೆ ನೀವು ಒಂದು ಕ್ಷಣ ಸುಮ್ಮನಾದಿರಿ. 'ಮೇಡಂ, ಇನ್ನೆರಡು ಇವೆ. ಇಂಟರ್ನ್‌ಶಿಪ್‌ಗೆ ಬಂದಿದ್ದ ಹುಡುಗ ಟೆಸ್ಟಿಂಗ್‌ಗೆ ಅಂತ ಎಬ್ಬಿಸಿದ್ದು' ಎಂದಿರಿ. ಹುಡುಗ ಹೋಗಿ ಐದು ತಿಂಗಳಾಗಿದೆ, ಯಂತ್ರ ಇನ್ನೂ ಓಡ್ತಾ ಇದೆ! ಎರಡಕ್ಕೆ 8, ಡೇಟಾಬೇಸ್‌ನದು 4. ಒಟ್ಟು 12. ಲೆಕ್ಕ ಕೂಡಿತು.

ಕೋಟಾ ನಿಮ್ಮ ಆ್ಯಪ್‌ಗೆ ಕೊಟ್ಟದ್ದಲ್ಲ. ಅಕೌಂಟ್‌ಗೆ ಕೊಟ್ಟದ್ದು, ಅದೂ ಒಂದೊಂದು ರೀಜನ್‌ಗೆ (ಕ್ಲೌಡ್ ಕಂಪನಿಯ ಯಂತ್ರಗಳಿರುವ ಊರು ಅನ್ನಿ) ಬೇರೆ ಬೇರೆ. ಅದರೊಳಗೆ ಯಾರು ಏನು ಎಬ್ಬಿಸಿದರೂ ಅದೇ ಹುಂಡಿಯಿಂದ ಹೋಗುತ್ತೆ. ನೀವು ಬರೆದ 'ಗರಿಷ್ಠ 8' ನಿಮ್ಮ ಆಸೆ, ಅಷ್ಟೆ. ಆಟೋ ಸ್ಕೇಲಿಂಗ್‌ನಲ್ಲಿ ಆ ಅಂಕಿ ಹಾಕುವಾಗ ಕೋಟಾ ಸಾಕೋ ಸಾಲದೋ ಎಂದು ಯಾರೂ ಕೇಳುವುದಿಲ್ಲ. 800 ಎಂದು ಹಾಕಿದ್ದರೂ ಸುಮ್ನೆ ಒಪ್ಪಿಕೊಳ್ಳುತ್ತಿತ್ತು.

ಸಿಪಿಯು, ಮೆಮೊರಿ, ಡಿಸ್ಕ್‌ನ ಅಲಾರ್ಮ್‌ಗಳು ಇದ್ದ ಯಂತ್ರದ ಆರೋಗ್ಯ ನೋಡುತ್ತವೆ. ಹುಟ್ಟದೇ ಇರುವ ಆರನೇ ಯಂತ್ರದ ಬಗ್ಗೆ ಅವು ಏನು ಹೇಳಿಯಾವು? ಹಾಗಾದರೆ ಕೋಟಾಗೇ ಒಂದು ಅಲಾರ್ಮ್ ಇಟ್ಟರೆ ಆಯಿತು ಎನ್ನುತ್ತಾರೆ ಎಲ್ಲರೂ. ಶೇ. 80ಕ್ಕೆ ಇಡಿ ಅಂತ. ನಾನೂ ಹತ್ತು ವರ್ಷ ಅದನ್ನೇ ಹೇಳಿಕೊಂಡು ಬಂದವಳು. ಈಗ ಹೇಳುವುದಿಲ್ಲ. ನಿಮ್ಮ ಭಾನುವಾರವನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಒಂಬತ್ತಕ್ಕೆ 2 ವೆಬ್ ಸರ್ವರ್, ಅಂದರೆ 8, ಜೊತೆಗೆ ಆ 12. ಒಟ್ಟು 20. ಮೂವತ್ತೆರಡರಲ್ಲಿ ಇಪ್ಪತ್ತು ಅಂದರೆ ಶೇ. 62.5. ಎಲ್ಲ ಹಸಿರು. ಮೂರನೆಯದು ಎದ್ದಾಗ ಶೇ. 75, ಇನ್ನೂ ಹಸಿರು. ನಾಲ್ಕನೆಯದಕ್ಕೆ ಶೇ. 87.5, ಆಗ ಅಲಾರ್ಮ್ ಹೊಡೆದುಕೊಳ್ಳುತ್ತಿತ್ತು. ಅಷ್ಟು ಹೊತ್ತಿಗೆ ಗಂಟೆ ಹತ್ತಾಗಿ ಮೂರೋ ನಾಲ್ಕೋ ನಿಮಿಷ. ಮುಳುಗಲು ಇನ್ನು ಮೂರು ನಿಮಿಷ ಬಾಕಿ. ಅರ್ಜಿ ಪಾಸಾಗುವುದು ಮಂಗಳವಾರ! ಅಂಥ ಅಲಾರ್ಮ್ ಇದ್ದು ಏನು ಪ್ರಯೋಜನ?

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಗ್ಯಾಸ್ ಗಾಡಿ ವಾರಕ್ಕೆ ಒಂದೇ ಸಲ ಬರುತ್ತಿತ್ತು. ಅಮ್ಮ ಸಿಲಿಂಡರ್ ಅಲ್ಲಾಡಿಸಿ ನೋಡಿ ಬುಕ್ ಮಾಡಿದವಳಲ್ಲ. ಹೊಸದು ಹಚ್ಚಿದ ದಿನವೇ ಖಾಲಿಯದಕ್ಕೆ ಬುಕ್ ಮಾಡಿಬಿಡುತ್ತಿದ್ದಳು. ಬೆಂಗಳೂರಿನಲ್ಲಿರುವ ನನ್ನ ತಂಗಿ ಒಲೆ ಸಣ್ಣಗಾದ ಮೇಲೆ ಬುಕ್ ಮಾಡುತ್ತಾಳೆ, ಅವಳಿಗೆ ಮಾರನೇ ದಿನ ಬರುತ್ತೆ. ಇಬ್ಬರ ಸಿಲಿಂಡರೂ ಒಂದೇ ಅಳತೆಯದು. ಬುಕ್ ಮಾಡಿದ ಮೇಲೆ ಎಷ್ಟು ದಿನಕ್ಕೆ ಬರುತ್ತೆ ಎನ್ನುವುದು ಬೇರೆ. ಕೋಟಾ ಅಲಾರ್ಮ್ ಇಡುವಾಗ ಕೇಳಬೇಕಾದ್ದು ಇದನ್ನೇ. ಕೇಳಿದ ಮೇಲೆ ಎಷ್ಟು ದಿನಕ್ಕೆ ಸಿಗುತ್ತೆ? ಈಗಿನ ವೇಗದಲ್ಲಿ ಎಷ್ಟು ದಿನಕ್ಕೆ ಮುಗಿಯುತ್ತೆ? ಎರಡನೆಯದು ಮೊದಲನೆಯದಕ್ಕೆ ಹತ್ತಿರ ಬಂದಾಗ ಗಂಟೆ ಬಾರಿಸಬೇಕು. ಶೇಕಡಾ ಎಷ್ಟೇ ಇರಲಿ.

500 ಜಿಬಿ ಡಿಸ್ಕ್‌ನಲ್ಲಿ 300 ತುಂಬಿದೆ, ದಿನಕ್ಕೆ 4 ಜಿಬಿ ಸೇರುತ್ತೆ ಎಂದರೆ ಇನ್ನೂ 50 ದಿನ ಇದೆ, ನಿದ್ದೆ ಮಾಡಿ. ಇನ್ನೊಂದು ಕಡೆ, ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನಲ್ಲಿ ಒಂದು ರೀಜನ್‌ಗೆ 5 ವಿಪಿಸಿ (ಕ್ಲೌಡ್‌ನೊಳಗಿನ ಖಾಸಗಿ ನೆಟ್‌ವರ್ಕ್) ಎಂದು ತಾನಾಗೇ ಬರುವ ಮಿತಿ. ನಾನು ನೋಡಿಕೊಳ್ಳುವ ಒಂದು ಅಕೌಂಟ್‌ನಲ್ಲಿ ಐದಕ್ಕೆ ಐದೂ ಮುಗಿದು ಎರಡು ವರ್ಷವಾಯಿತು. ಶೇ. 100! ಆರನೆಯದು ಯಾರಿಗೂ ಬೇಡ, ಯಾರ ನಿದ್ದೆಯೂ ಕೆಟ್ಟಿಲ್ಲ.

ಆದರೆ ನಿಮ್ಮಂತೆ ಹತ್ತು ನಿಮಿಷದಲ್ಲಿ ಏರುವ ಬಳಕೆಗೆ ದಿನದ ಲೆಕ್ಕವೂ ಕೆಲಸ ಮಾಡದು. ಅಲ್ಲಿ ಬಳಕೆಯನ್ನು ಕಾಯಬೇಡಿ, ಸೆಟ್ಟಿಂಗನ್ನು ಕಾಯಿರಿ. ಒಂದು ಸಣ್ಣ ಸ್ಕ್ರಿಪ್ಟ್ ಬರೆದು ದಿನಾ ಬೆಳಗ್ಗೆ ಓಡಿಸಿ. ಆಟೋ ಸ್ಕೇಲಿಂಗ್‌ನ ಗರಿಷ್ಠ ಅಂಕಿಯನ್ನು ವಿಸಿಪಿಯುಗೆ ಗುಣಿಸಲಿ, ಅಕೌಂಟ್‌ನಲ್ಲಿ ಓಡುತ್ತಿರುವ ಬೇರೆಲ್ಲವನ್ನೂ ಕೂಡಿಸಲಿ. ಮೊತ್ತ ಕೋಟಾ ಮೀರಿದರೆ ಕೂಗಲಿ. ನಿಮ್ಮದು 32 ಕೂಡಿಸು 12, ಅಂದರೆ 44. ಆ ಇಂಟರ್ನ್ ಹುಡುಗ ಯಂತ್ರ ಎಬ್ಬಿಸಿದ ಮಾರನೇ ಬೆಳಗ್ಗೆಯೇ, ಭಾನುವಾರಕ್ಕೆ ತಿಂಗಳುಗಟ್ಟಲೆ ಮೊದಲು, ಇದು ಗೊತ್ತಾಗಿರುತ್ತಿತ್ತು. ಆ್ಯಪ್‌ನ ಹೊಸ ವರ್ಷನ್ ಹಾಕುವಾಗ ಹಳೆಯ ಸರ್ವರ್, ಹೊಸ ಸರ್ವರ್ ಎರಡೂ ಸ್ವಲ್ಪ ಹೊತ್ತು ಜೊತೆಗೆ ಓಡುತ್ತವೆ ಅಂತಾದರೆ ಅದನ್ನೂ ಸೇರಿಸಿ.

ಅಂಕಿಗಳು ಎಲ್ಲಿ ಸಿಗುತ್ತವೆ? ಎಡಬ್ಲ್ಯುಎಸ್ ಆದರೆ 'ಸರ್ವಿಸ್ ಕೋಟಾಸ್' ಎಂಬ ಪುಟ ಇದೆ. ಅವರ ನಿಗಾ ಸೇವೆಯಾದ ಕ್ಲೌಡ್‌ವಾಚ್‌ನಲ್ಲಿ ಬಳಕೆಯ ಅಂಕಿಯನ್ನು ಕೋಟಾದಿಂದ ಭಾಗಿಸಿ ಅಲಾರ್ಮ್ ಇಡಲು ಅದಕ್ಕೆಂದೇ ಒಂದು ಫಂಕ್ಷನ್ ಕೊಟ್ಟಿದ್ದಾರೆ. ಟ್ರಸ್ಟೆಡ್ ಅಡ್ವೈಸರ್ ಎನ್ನುವುದು ಶೇ. 80 ದಾಟಿದ ಮಿತಿಗಳಿಗೆ ಹಳದಿ ಗುರುತು ಹಾಕುತ್ತೆ. ಗೂಗಲ್ ಕ್ಲೌಡ್‌ನಲ್ಲೂ ಮೈಕ್ರೋಸಾಫ್ಟ್‌ನ ಅಜ್ಯೂರ್‌ನಲ್ಲೂ ಕೋಟಾ ಪುಟ ಇದೆ, ಅಲ್ಲಿಂದಲೇ ಅಲರ್ಟ್ ಇಡಬಹುದು. ಆದರೆ ಎಲ್ಲ ಮಿತಿಗೂ ಬಳಕೆಯ ಅಂಕಿ ಸಿಗುವುದಿಲ್ಲ. ಸಿಗದೇ ಇರುವುದನ್ನು ನೀವೇ ಎಣಿಸಬೇಕು.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನ ಟೆಸ್ಟ್ ದಿನವೂ ನೀವು ನನಗೆ ಪತ್ರ ಬರೆಯುತ್ತೀರಿ. ನಿಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್, ಸೆಟ್ಟಿಂಗ್ ಏನೂ ಮುಟ್ಟಿಲ್ಲ ಎಂದಿರಿ ಫೋನ್‌ನಲ್ಲಿ. ಹಾಗಾದರೆ ಅದು ಒಟ್ಟಿಗೆ 100 ಕನೆಕ್ಷನ್ ಮಾತ್ರ ತೆಗೆದುಕೊಳ್ಳುತ್ತೆ. ಅದರಲ್ಲೂ 3 ಅಡ್ಮಿನ್‌ಗೆ ಮೀಸಲು, ನಿಮ್ಮ ಪಾಲಿಗೆ 97. ನಿಮ್ಮ ಒಂದೊಂದು ವೆಬ್ ಸರ್ವರೂ 20 ಕನೆಕ್ಷನ್ ಹಿಡಿದಿಟ್ಟುಕೊಳ್ಳುತ್ತೆ. ಐದಕ್ಕೆ 100. ಅಂದರೆ ಭಾನುವಾರ ಆರನೇ ಸರ್ವರ್ ಸಿಕ್ಕಿದ್ದರೂ ಬಾಗಿಲಲ್ಲೇ ನಿಲ್ಲುತ್ತಿತ್ತು, ಐದನೆಯದಕ್ಕೇ ಮೂರು ಕಡಿಮೆ ಬಿದ್ದಿತ್ತು. ಈ ಮಿತಿ ಯಾವ ಕ್ಲೌಡ್ ಕಂಪನಿಯ ಕೋಟಾ ಪುಟದಲ್ಲೂ ಕಾಣಿಸುವುದಿಲ್ಲ, ಯಾಕೆಂದರೆ ಅದು ನಿಮ್ಮದೇ ಯಂತ್ರದೊಳಗಿನ ಫೈಲ್‌ನಲ್ಲಿದೆ. ಮಿತಿ ಹೆಚ್ಚಿಸುವ ಮೊದಲು ಮೆಮೊರಿ ನೋಡಿಕೊಳ್ಳಿ, ಒಂದೊಂದು ಕನೆಕ್ಷನ್‌ಗೂ ಪೋಸ್ಟ್‌ಗ್ರೆಸ್ ಒಂದೊಂದು ಪ್ರೋಸೆಸ್ ಎಬ್ಬಿಸುತ್ತೆ. ನಡುವೆ, ಕೆಲವೇ ಕನೆಕ್ಷನ್‌ಗಳನ್ನು ಎಲ್ಲ ಸರ್ವರ್‌ಗಳಿಗೂ ಹಂಚುವ ಒಂದು ಕನೆಕ್ಷನ್ ಪೂಲರ್ ಹಾಕುವುದು ಒಳ್ಳೆಯದು.

ಇಷ್ಟೆಲ್ಲ ಆದ ಮೇಲೆ ಒಂದು ಬುಧವಾರ ರಾತ್ರಿ, ಮಕ್ಕಳು ಮಲಗಿದ ಮೇಲೆ, ಎಂಟೂ ಸರ್ವರ್ ನಿಜಕ್ಕೂ ಎಬ್ಬಿಸಿ ನೋಡಿ. ಅರ್ಧ ಗಂಟೆಯ ಬಾಡಿಗೆ ಒಂದು ಪ್ಲೇಟ್ ಬೆಣ್ಣೆ ದೋಸೆಯ ದುಡ್ಡಿನ ಆಸುಪಾಸು ಆಗಬಹುದು. ಕಾಗದದ ಲೆಕ್ಕಕ್ಕಿಂತ ನನಗೆ ಅದರ ಮೇಲೇ ನಂಬಿಕೆ ಜಾಸ್ತಿ.

ಪ್ರಶ್ನೆ: ಇಷ್ಟು ತಲೆನೋವು ಯಾಕೆ? ಮೊದಲೇ ಹತ್ತು ಪಟ್ಟು ಕೋಟಾ ಕೇಳಿ ಇಟ್ಟುಕೊಂಡರೆ ಆಯ್ತಲ್ವಾ? ಬಳಸಿದರೆ ತಾನೇ ದುಡ್ಡು?
— ಬಿ.ಇ. ಕೊನೇ ವರ್ಷದ ವಿದ್ಯಾರ್ಥಿನಿ, ಹಾಸನ

ಉತ್ತರ: ಬಳಸಿದರೆ ತಾನೇ ದುಡ್ಡು, ನಿಜ. ಬಳಸುವವರು ನೀವೇ ಆಗಿದ್ದರೆ! ಅಕೌಂಟ್‌ನ ಕೀಯನ್ನು (ಪಾಸ್‌ವರ್ಡ್ ಇದ್ದ ಹಾಗೆ) ಮೈಮರೆತು, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಹಾಕಿಬಿಟ್ಟರೆ ಅದನ್ನು ಹುಡುಕಿಕೊಂಡೇ ಕೂತ ಬಾಟ್‌ಗಳಿವೆ. ಅವು ಮಾಡುವ ಮೊದಲ ಕೆಲಸ, ನಿಮ್ಮ ಹೆಸರಲ್ಲಿ ಸಿಕ್ಕಷ್ಟು ಯಂತ್ರ ಎಬ್ಬಿಸಿ ಕ್ರಿಪ್ಟೋ ಗಣಿಗಾರಿಕೆ ಶುರುಮಾಡುವುದು. ಆವಾಗ ಕೋಟಾವೇ ನಿಮ್ಮ ಬೇಲಿ. ಮಿತಿ 32 ಇದ್ದರೆ ಹೋಗುವ ದುಡ್ಡಿಗೂ 320 ಇದ್ದರೆ ಹೋಗುವ ದುಡ್ಡಿಗೂ ಎಷ್ಟು ವ್ಯತ್ಯಾಸ ಎಂದು ನೀವೇ ಲೆಕ್ಕ ಹಾಕಿ. ಕಳ್ಳರೇ ಬೇಕೆಂದಿಲ್ಲ, ನಿಮ್ಮದೇ ಕೋಡ್ ಒಂದು ಲೂಪ್‌ನಲ್ಲಿ ಸಿಕ್ಕಿಕೊಂಡರೂ ಸಾಕು. ಬಜೆಟ್ ಅಲರ್ಟ್ ಇದೆಯಲ್ಲ ಅನ್ನಬೇಡಿ. ಅದು ಮೇಲ್ ಕಳಿಸುತ್ತೆ, ನೀವಾಗಿ ಏರ್ಪಾಡು ಮಾಡದಿದ್ದರೆ ತಾನಾಗಿ ಏನನ್ನೂ ನಿಲ್ಲಿಸುವುದಿಲ್ಲ.

ಬೇಕಾದ್ದಕ್ಕಿಂತ ಅರ್ಧ ಪಟ್ಟು ಜಾಸ್ತಿ ಇಟ್ಟುಕೊಳ್ಳಿ, ಸಾಕು. ಇನ್ನೊಂದು ಮಾತು. ಮುಂಬೈ ರೀಜನ್‌ನಲ್ಲಿ ಹೆಚ್ಚಿಸಿಕೊಂಡದ್ದು ಹೈದರಾಬಾದ್‌ಗೆ ಲೆಕ್ಕಕ್ಕಿಲ್ಲ. ಮುಂಬೈ ಬಿದ್ದರೆ ಹೈದರಾಬಾದ್‌ಗೆ ಹೋಗೋಣ ಎಂದು ಪ್ಲಾನ್ ಬರೆದಿಟ್ಟು, ಅಲ್ಲಿನ ಕೋಟಾ ಹುಟ್ಟಿದಾಗಿನಷ್ಟೇ ಬಿಟ್ಟವರನ್ನು ನೋಡಿದ್ದೇನೆ. ಕೋಟಾ ಇದ್ದರೂ ಯಂತ್ರ ಸಿಕ್ಕೇ ಸಿಗುತ್ತೆ ಎಂಬ ಖಾತ್ರಿಯೂ ಇಲ್ಲ. ಆ ಕ್ಷಣಕ್ಕೆ ಆ ಜಾತಿಯ ಯಂತ್ರ ಅವರ ಬಳಿಯೇ ಖಾಲಿಯಾಗಿರಬಹುದು. ಲೋಡ್ ಮಂಜೂರಾಗಿದೆ ಎಂದರೆ ಕರೆಂಟ್ ಹೋಗುವುದೇ ಇಲ್ಲ ಅಂತಲ್ಲವಲ್ಲ!

ಪ್ರಶ್ನೆ: ಇಂಥ ಎಡವಟ್ಟು ನಮ್ಮಂಥ ಸಣ್ಣವರಿಗೆ ಮಾತ್ರವೋ, ದೊಡ್ಡ ಕಂಪನಿಗಳಿಗೂ ಆಗುತ್ತೋ?
— ಓದುಗರೊಬ್ಬರು, ಉಡುಪಿ

ಉತ್ತರ: 2020ರ ಡಿಸೆಂಬರ್ 14, ಸೋಮವಾರ. ಸಂಜೆ ಐದೂಕಾಲರ ಹೊತ್ತಿಗೆ ಜಿಮೇಲ್, ಯೂಟ್ಯೂಬ್, ಡ್ರೈವ್, ಮೀಟ್ ಎಲ್ಲವೂ ಒಟ್ಟಿಗೆ ನಿಂತವು, ನೆನಪಿದೆಯೇ? ಕೊರೊನಾ ಕಾಲ, ಎಲ್ಲರೂ ಮನೆಯಿಂದಲೇ ಕೆಲಸ. ನಾನು ಮೀಟ್‌ನಲ್ಲಿದ್ದೆ. ಮನೆ ವೈಫೈ ಹೋಯಿತು ಅಂದುಕೊಂಡು ರೌಟರ್ ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ಸುಮಾರು 47 ನಿಮಿಷದ ಆಟ ಅದು, ಇಡೀ ಜಗತ್ತಿನಲ್ಲಿ.

ಕಾರಣ ಕೋಟಾ. ಲಾಗಿನ್ ಆಗುವವರು ಯಾರು ಎಂದು ಗುರುತಿಸುವ ಗೂಗಲ್‌ನ ಒಳಗಿನ ಸೇವೆಯೊಂದನ್ನು ಅಕ್ಟೋಬರ್‌ನಲ್ಲಿ ಹೊಸ ಕೋಟಾ ವ್ಯವಸ್ಥೆಗೆ ಸೇರಿಸಿದ್ದರು. ಹಳೆಯ ವ್ಯವಸ್ಥೆಯ ತುಂಡುಗಳು ಹಾಗೇ ಉಳಿದಿದ್ದವು. ಅವು ಆ ಸೇವೆಯ ಬಳಕೆ ಸೊನ್ನೆ ಎಂದು ತಪ್ಪಾಗಿ ವರದಿ ಮಾಡುತ್ತಿದ್ದವು. ಒಂದಷ್ಟು ದಿನ ವಿನಾಯಿತಿ ಇತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ವಿನಾಯಿತಿ ಮುಗಿದ ಕೂಡಲೇ, ಬಳಸದವರಿಗೆ ಇಷ್ಟೇಕೆ ಎಂದು ಯಂತ್ರವೇ ಕೋಟಾ ಕತ್ತರಿಸಿತು. ಖಾತೆಗಳ ಡೇಟಾಬೇಸ್‌ಗೆ ಹೊಸದಾಗಿ ಏನೂ ಬರೆಯಲಾಗಲಿಲ್ಲ, ಇದ್ದ ಮಾಹಿತಿ ಹಳತಾಯಿತು, ಯಾರನ್ನೂ ಒಳಗೆ ಬಿಡದ ಸ್ಥಿತಿ ಬಂತು. ತಪ್ಪಾಗಿ ಕೋಟಾ ಬದಲಾಗದಂತೆ ತಡೆಯುವ ಪರೀಕ್ಷೆಗಳು ಅವರಲ್ಲಿ ಇದ್ದವು. ಒಂದು ಸೇವೆಯ ಬಳಕೆ ಸೊನ್ನೆ ಎಂದು ಬಂದರೆ ಏನು ಎನ್ನುವುದು ಮಾತ್ರ ಅದರಲ್ಲಿ ಇರಲಿಲ್ಲ. ಹಾಗಾಗಿ ನಾನು ಈಗ ಯಾವ ಬಳಕೆಯ ಗ್ರಾಫ್ ನೋಡಿದರೂ ಮೇಲಿನ ಗೆರೆಗಿಂತ ಮೊದಲು ಕೆಳಗಿನದನ್ನು ನೋಡುತ್ತೇನೆ. ಅಂಕಿ ಸೊನ್ನೆಯಾದರೂ, ಬರುವುದೇ ನಿಂತರೂ ಅಲಾರ್ಮ್ ಹೊಡೆಯಬೇಕು. 'ಡೇಟಾ ಇಲ್ಲ' ಎನ್ನುವುದನ್ನು 'ತೊಂದರೆ ಇಲ್ಲ' ಎಂದು ಓದಿಕೊಳ್ಳುವ ಅಲಾರ್ಮ್‌ಗಳೇ ಜಾಸ್ತಿ.

ಅದಕ್ಕೆ ಸುಮಾರು ಮೂರು ವಾರ ಮೊದಲು, ನವೆಂಬರ್ 25ರಂದು, ಎಡಬ್ಲ್ಯುಎಸ್‌ನ ಅಮೆರಿಕದ ವರ್ಜೀನಿಯಾ ರೀಜನ್‌ನಲ್ಲಿ ಕೈನೆಸಿಸ್ ಎಂಬ ಸೇವೆ ಬಿತ್ತು. ಅಲ್ಲಿ ಅವರು ಮಾಡಿದ್ದು ಒಳ್ಳೆಯ ಕೆಲಸವೇ, ಸರ್ವರ್ ಜಾಸ್ತಿ ಮಾಡಿದ್ದರು. ಆದರೆ ಆ ಗುಂಪಿನ ಪ್ರತಿ ಸರ್ವರೂ ಮಿಕ್ಕ ಒಂದೊಂದು ಸರ್ವರ್ ಜೊತೆ ಮಾತಾಡಲು ಒಂದೊಂದು ಥ್ರೆಡ್ (ಯಂತ್ರದೊಳಗೆ ಬೇರೆಯಾಗಿ ಓಡುವ ಕೆಲಸದ ಎಳೆ) ಇಟ್ಟುಕೊಳ್ಳುತ್ತಿತ್ತು. ಸರ್ವರ್ ಹೆಚ್ಚಿದಂತೆ ಎಲ್ಲರಲ್ಲೂ ಥ್ರೆಡ್ ಹೆಚ್ಚಿ, ಆಪರೇಟಿಂಗ್ ಸಿಸ್ಟಂನಲ್ಲಿ ಇಟ್ಟಿದ್ದ ಮಿತಿ ದಾಟಿತು. ದಾವಣಗೆರೆಯವರ ಪೋಸ್ಟ್‌ಗ್ರೆಸ್ ಕಥೆಯ ದೊಡ್ಡಣ್ಣ ಇದು. ಬೆಂಕಿಗೆ ತುಪ್ಪ ಸುರಿದಂತೆ, ಕ್ಲೌಡ್‌ವಾಚ್ ಕೂಡ ಕೈನೆಸಿಸ್ ಮೇಲೆಯೇ ನಿಂತಿತ್ತು. ಗ್ರಾಹಕರಿಗೆ ಸುದ್ದಿ ಹಾಕುವ ಪುಟವನ್ನು ತಿದ್ದುವ ಉಪಕರಣವೂ ಏಟು ತಿಂದ ಇನ್ನೊಂದು ಸೇವೆಯನ್ನು ನಂಬಿಕೊಂಡಿತ್ತು. ಸುದ್ದಿ ಹಾಕುವುದೂ ತಡವಾಯಿತು.

ನಗಬೇಡಿ, ನನ್ನ ಕಥೆ ಇದಕ್ಕಿಂತ ಬೇರೆಯಲ್ಲ. ಬೆಂಗಳೂರಿನಲ್ಲಿ ಬಟ್ಟೆ ಮಾರುವ ಒಂದು ಕಂಪನಿಯಲ್ಲಿದ್ದೆ. ದೀಪಾವಳಿ ಸೇಲ್. ರಾತ್ರಿ ಪಾಳಿ ನನ್ನದು. ಮೇಲ್ ಕಳಿಸುವ ಸೇವೆಗೆ ದಿನಕ್ಕೆ ಇಷ್ಟು ಎಂದು ಮಿತಿ ಇತ್ತು. ಆರ್ಡರ್ ಜಾಸ್ತಿಯಾಗಿ ರಾತ್ರಿ ಎಂಟಕ್ಕೇ ಮುಗಿದುಹೋಯಿತು. ಮುಗಿದರೆ ನನಗೆ ಅಲಾರ್ಮ್ ಬರುವಂತೆ ಇಟ್ಟಿದ್ದೆ. ಅಲಾರ್ಮ್ ಬರಬೇಕಿದ್ದದ್ದು ಮೇಲ್‌ನಲ್ಲಿ. ಅದೇ ಸೇವೆಯ ಮೂಲಕ! ನಾನು ಚಕ್ಕುಲಿ ತಿನ್ನುತ್ತಾ ಹಸಿರು ಬಣ್ಣದ ಪರದೆ ನೋಡುತ್ತಾ ಕೂತಿದ್ದೆ. ಹತ್ತೂವರೆಗೆ ಕಸ್ಟಮರ್ ಕೇರ್‌ನ ಹುಡುಗಿ ಫೋನ್ ಮಾಡಿ, 'ಅಕ್ಕಾ, ಯಾರಿಗೂ ಕನ್ಫರ್ಮೇಶನ್ ಹೋಗ್ತಾ ಇಲ್ವಂತೆ' ಅಂದಾಗಲೇ ಗೊತ್ತಾಗಿದ್ದು. ಅವತ್ತಿನಿಂದ ನನ್ನ ಅಲಾರ್ಮ್‌ಗಳು ಬೇರೆ ಕಂಪನಿಯ ಸೇವೆಯಿಂದ ಫೋನ್ ಕರೆಯಾಗಿ ಬರುತ್ತವೆ.

2025ರ ಜೂನ್ 12ರಂದು ಕೋಟಾ ಕಾಯುವವನೇ ಬಿದ್ದ. ಗೂಗಲ್ ಕ್ಲೌಡ್‌ನಲ್ಲಿ ಪ್ರತಿ ಕೋರಿಕೆಗೂ ಅನುಮತಿ ಇದೆಯೇ, ಕೋಟಾ ಇದೆಯೇ ಎಂದು ನೋಡುವ ಒಂದು ವ್ಯವಸ್ಥೆ ಇದೆ. ಅದಕ್ಕೆ ಮೇ ಕೊನೆಯಲ್ಲಿ ಹೊಸ ಕೋಡ್ ಸೇರಿತ್ತು. ಜೂನ್‌ನಲ್ಲಿ ಖಾಲಿ ಜಾಗಗಳಿದ್ದ ಒಂದು ಪಾಲಿಸಿ ಅದರ ಬಾಯಿಗೆ ಬಿತ್ತು. ಖಾಲಿ ಬಂದರೆ ಏನು ಮಾಡಬೇಕೆಂದು ಆ ಕೋಡ್‌ಗೆ ಗೊತ್ತಿರಲಿಲ್ಲ. ಕೆಲವೇ ಸೆಕೆಂಡ್‌ನಲ್ಲಿ ಜಗತ್ತಿನಾದ್ಯಂತ ಕುಸಿಯಿತು. ಆಗ ನಮ್ಮಲ್ಲಿ ರಾತ್ರಿ ಹನ್ನೊಂದು ದಾಟಿತ್ತು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಿಮ್ಮ ಅಂಕಣದ ಅರ್ಧ ನನಗೆ ಅರ್ಥವಾಗದು, ಆದರೂ ಓದುತ್ತೇನೆ. ಒಂದು ತಿಂಗಳಿಂದ ನನ್ನ ಜಿಮೇಲ್‌ಗೆ ಒಂದೂ ಪತ್ರ ಬರುತ್ತಿಲ್ಲ. ಮಗಳು ಕಳಿಸಿದ್ದು ವಾಪಸ್ ಹೋಗುತ್ತಿದೆಯಂತೆ. ನಾನು ಮೇಲ್ ಬಳಸುವುದೇ ಅಪರೂಪ, ತುಂಬಲು ಹೇಗೆ ಸಾಧ್ಯ?
— ಶಿರಸಿ

ಉತ್ತರ: ಸರ್, ಈ ಸಲ ಉಳಿದರ್ಧವೂ ನಿಮ್ಮದೇ ಕಥೆ. ಗೂಗಲ್ ಬಿಟ್ಟಿಯಾಗಿ ಕೊಡುವ 15 ಜಿಬಿ ಮೇಲ್‌ಗೆ ಮಾತ್ರ ಅಲ್ಲ. ಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಫೋನ್‌ನಿಂದ ತಾನಾಗಿ ಏರುವ ಫೋಟೋ, ವಿಡಿಯೋಗಳೂ ಇದರ ಲೆಕ್ಕಕ್ಕೆ ಬಂದವು. ನಿಮ್ಮ ಮೇಲ್ ತಿಂದದ್ದು ಬಹುಶಃ ಮೊಮ್ಮಕ್ಕಳ ವಿಡಿಯೋಗಳು. ಇಂಟರ್ನ್ ಹುಡುಗನ ಯಂತ್ರಗಳ ಹಾಗೆ!

ಮಗಳು ಬಂದಾಗ ಗೂಗಲ್ ಒನ್ ಆ್ಯಪ್‌ನಲ್ಲಿ ಸ್ಟೋರೇಜ್ ಪುಟ ತೆರೆಸಿ. ಯಾವುದು ಎಷ್ಟು ತಿಂದಿದೆ ಎಂದು ಅಲ್ಲಿ ಕಾಣುತ್ತೆ, ದೊಡ್ಡ ಫೈಲ್‌ಗಳನ್ನು ಬೇರೆಯಾಗಿ ತೋರಿಸುತ್ತೆ. ಬೇಕಾದ ವಿಡಿಯೋಗಳನ್ನು ಮೊದಲು ಒಂದು ಹಾರ್ಡ್‌ಡಿಸ್ಕ್‌ಗೆ ಹಾಕಿಕೊಂಡು, ತೆರೆದು ನೋಡಿ, ಆಮೇಲೆ ಅಳಿಸಿ. ಫೋಟೋಸ್‌ನಲ್ಲಿ ಅಳಿಸಿದ್ದು ಫೋನ್‌ನಿಂದಲೂ ಹೋಗಬಹುದು, ಅದಕ್ಕೇ ಈ ಎಚ್ಚರ. ಅಳಿಸಿದ್ದೆಲ್ಲ ಮೊದಲು ಕಸದಬುಟ್ಟಿಗೆ ಹೋಗುತ್ತೆ, ಬುಟ್ಟಿ ಖಾಲಿ ಮಾಡುವವರೆಗೂ ಜಾಗ ಸಿಗುವುದಿಲ್ಲ. ವಾಪಸ್ ಹೋದ ಪತ್ರಗಳು ತಾವಾಗಿ ಬರುವುದಿಲ್ಲ. ಮಗಳಿಗೆ ಇನ್ನೊಮ್ಮೆ ಕಳಿಸಲು ಹೇಳಿ. ಬ್ಯಾಂಕಿಗೂ ಪಿಂಚಣಿಯವರಿಗೂ ಇದೇ ವಿಳಾಸ ಕೊಟ್ಟಿದ್ದರೆ, ಈ ಒಂದು ತಿಂಗಳಲ್ಲಿ ಅವರು ಏನಾದರೂ ಕಳಿಸಿದ್ದರೇ ಎಂದು ಹೋಗಿ ಕೇಳಿ ಬನ್ನಿ.